ಅದು ಹೊಸ ಟೀಮ್ ಅಲ್ಲ, ನಮ್ಮ ಫೋರ್ಟ್ ವೇನ್ ಟೀಮ್

ಮೊನ್ನೆ ಅಮೆರಿಕದ ಇಂಡಿಯಾನಾ ರಾಜ್ಯದ ಕಾರ್ಮೆಲ್‌ನಲ್ಲಿರೋ ಸ್ನೇಹಿತನೊಬ್ಬ ಅಲ್ಲೇ ಪಕ್ಕದ ನೋಬಲ್ಸ್‌ವಿಲ್‌ನ ಹೊಸ ಅರೀನಾದಲ್ಲಿ ಮಕ್ಕಳ ಜೊತೆ ಕೂತಿರೋ ಫೋಟೋ ಹಾಕಿ, "ನಮ್ಮ ಕಡೆಗೂ ಒಂದು ಹೊಸ ಬ್ಯಾಸ್ಕೆಟ್‌ಬಾಲ್ ಟೀಮ್ ಬಂತು" ಅಂತ ಬರೆದಿದ್ದ. ಅವನ ಮೇಲೆ ನಂಗೆ ಸಿಟ್ಟಿಲ್ಲ, ಅವನು ಈ ಕಡೆಗೆ ಬಂದಿದ್ದೇ ಇತ್ತೀಚೆಗೆ, ಮಕ್ಕಳು ಖುಷಿಯಾಗಿದ್ದಾರೆ, ಇರಲಿ. ಆದ್ರೆ ಓದಿದಾಗಿಂದ ಹೊಟ್ಟೆ ಉರೀತಿದೆ, ಬರೆದು ಮುಗಿಸದೆ ನಿದ್ದೆ ಬರಲ್ಲ.

ನೋಬಲ್ಸ್‌ವಿಲ್ ಬೂಮ್ ಹೊಸ ಟೀಮ್ ಅಲ್ಲ ಕಣ್ರೀ. 2007ರಲ್ಲಿ ಇದೇ ರಾಜ್ಯದ ನಮ್ಮ ಫೋರ್ಟ್ ವೇನ್ ಊರಲ್ಲಿ ಹುಟ್ಟಿದ ಮ್ಯಾಡ್ ಆಂಟ್ಸ್ ಅನ್ನೋ ಟೀಮ್ ಅದು, ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಆಟಗಾರರನ್ನ ತಯಾರು ಮಾಡೋ ಕೆಳಗಿನ ಲೀಗಿನದು. 2023ರ ತನಕ ಇಲ್ಲೇ, ಊರಿನ ದೊಡ್ಡ ಒಳಾಂಗಣ ಕ್ರೀಡಾಂಗಣ ಕೊಲಿಸಿಯಮ್‌ನಲ್ಲೇ ಆಡ್ತಿದ್ದದ್ದು. ಆಮೇಲೆ ಹೆಸರಿಂದ ಫೋರ್ಟ್ ವೇನ್ ತೆಗೆದು ಇಂಡಿಯಾನಾ ಮ್ಯಾಡ್ ಆಂಟ್ಸ್ ಅಂತ ಮಾಡಿ ಇಂಡಿಯಾನಾಪೊಲಿಸ್‌ನಲ್ಲಿ ಎರಡು ಸೀಸನ್ ಆಡಿಸಿದ್ರು, 2025ರಲ್ಲಿ ಮ್ಯಾಡ್ ಆಂಟ್ಸ್ ಅನ್ನೋದನ್ನೂ ತೆಗೆದು ಬೂಮ್ ಅಂತ ಇಟ್ಟು ನೋಬಲ್ಸ್‌ವಿಲ್‌ನ ಸುಮಾರು 3,400 ಸೀಟಿನ ಅರೀನಾಗೆ ತಂದ್ರು. ಹೀಗೆ ಒಂದೊಂದೇ ಕಳಚಿ ಹಾಕಿದ ಮೇಲೆ ಹೊಸಬರಿಗೆ ಅದು ಹೊಸ ಟೀಮ್ ಥರಾನೇ ಕಾಣುತ್ತೆ, ಅದೇ ನನ್ನ ಸಂಕಟ.

ನಾನು ಬ್ಯಾಸ್ಕೆಟ್‌ಬಾಲ್ ಹುಚ್ಚ ಅಂತ ನಿಮಗೆಲ್ಲ ಗೊತ್ತು, ಆದ್ರೆ ಈ ಟೀಮ್ ಮೇಲೆ ಯಾಕಿಷ್ಟು ಪ್ರೀತಿ ಅಂತ ಯಾವತ್ತೂ ಹೇಳಿರಲಿಲ್ಲ. ಈ ಊರಿಗೆ ಬಂದ ಮೊದಲ ಚಳಿಗಾಲ, ಸಂಜೆ ಐದೂವರೆಗೆಲ್ಲ ಕತ್ತಲು, ಮಾತಾಡೋಕೆ ಒಬ್ಬರಿಲ್ಲ, ವಾಪಸ್ ಹೊರಟುಬಿಡೋಣ ಅಂತ ನಿಜವಾಗ್ಲೂ ಅಂದ್ಕೊಂಡಿದ್ದೆ. ಆಗ ನನ್ನನ್ನ ಮನೆಯಿಂದ ಹೊರಗೆ ಎಳೆದಿದ್ದು ಈ ಟೀಮ್. ಕೊಲಿಸಿಯಮ್‌ನಲ್ಲಿ ಹದಿಮೂರು ಸಾವಿರ ಜನ ಕೂರಬಹುದು, ಮ್ಯಾಡ್ ಆಂಟ್ಸ್ ಮ್ಯಾಚಿಗೆ ಮೇಲಿನ ಸಾಲುಗಳೆಲ್ಲ ಖಾಲಿ. ಅದಕ್ಕೇ ಕೆಳಗೆ ಕೂತವರಿಗೆ ಶೂ ಕಿರುಗುಟ್ಟೋದು, ಕೋಚ್ ಬೈಯೋದು, ಫ್ರೀ ಥ್ರೋ ಮುಂಚೆ ಆಟಗಾರ ತನಗೆ ತಾನೇ ಏನೋ ಗೊಣಗೋದು, ಎಲ್ಲಾ ಕೇಳಿಸೋದು. ಮ್ಯಾಚ್ ಮುಗಿದ ಮೇಲೆ ಮಕ್ಕಳು ಅಂಚಿನ ಕಂಬಿಗೆ ಜೋತುಬಿದ್ದು ಕೈ ಚಾಚಿದ್ರೆ ಬೆವರಿಳೀತಿರೋ ಆಟಗಾರ ನಿಂತು ಕೈಗೆ ಕೈ ತಾಗಿಸಿ ಹೋಗ್ತಿದ್ದ, ಅದೇ ಹುಡುಗ ಮುಂದಿನ ವಾರ ಹತ್ತು ದಿನದ ಕಾಂಟ್ರ್ಯಾಕ್ಟ್ ಸಿಕ್ಕಿ ಎನ್‌ಬಿಎ ಟೀಮಿನ ಬೆಂಚಿನಲ್ಲಿ ಕೂತಿರೋದನ್ನ ಟಿವಿಲಿ ನೋಡಬಹುದಿತ್ತು. ಎಲ್ಲರಿಗೂ ಆ ಭಾಗ್ಯ ಇಲ್ಲ. ರಾನ್ ಹೋವರ್ಡ್‌ನೇ ತಗೊಳ್ಳಿ, ಜನ ಅವನನ್ನ ಮಿಸ್ಟರ್ ಮ್ಯಾಡ್ ಆಂಟ್ ಅಂತಾನೇ ಕರೀತಿದ್ರು, ವರ್ಷಗಟ್ಟಲೆ ಇಲ್ಲೇ ಆಡಿದ, 2014ರಲ್ಲಿ ಲೀಗಿನ ಎಂವಿಪಿ, ಅಂದ್ರೆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಇನ್ನೊಬ್ಬನ ಜೊತೆ ಹಂಚಿಕೊಂಡ, ಅದೇ ವರ್ಷ ಸಾಂತಾ ಕ್ರೂಜ್ ವಾರಿಯರ್ಸ್ ವಿರುದ್ಧ 2-0ಯಲ್ಲಿ ಫೈನಲ್ ಗೆದ್ದು ಚಾಂಪಿಯನ್ ಆದ್ವಿ. ಎನ್‌ಬಿಎಯಲ್ಲಿ ಒಂದು ಮ್ಯಾಚ್ ಆಡೋ ಅವಕಾಶ ಅವನಿಗೆ ಸಿಗಲೇ ಇಲ್ಲ. ಅವನಿಗೆ ಅಂತ ಇದ್ದಿದ್ದು ಈ ಊರು, ಊರಿಗೆ ಅವನು. ಈಗ ಆ 2014ರ ಕಪ್ ಯಾವ ಊರಿನದು ಹೇಳಿ?

ಇನ್ನೊಂದು ವಿಷಯ ಗೊತ್ತಾ, ನಾವು ಸೋಲಿಸಿದ ಆ ಸಾಂತಾ ಕ್ರೂಜ್ ಕೂಡ ಮೂಲದಲ್ಲಿ ನಾರ್ತ್ ಡಕೋಟಾದ ಬಿಸ್ಮಾರ್ಕ್ ಊರಿನ ಡಕೋಟಾ ವಿಜರ್ಡ್ಸ್. 2007ರಲ್ಲಿ ಚಾಂಪಿಯನ್ ಆಗಿದ್ದ ಟೀಮ್. ಎನ್‌ಬಿಎ ಟೀಮ್ ಗೋಲ್ಡನ್ ಸ್ಟೇಟ್‌ನವರು 2011ರಲ್ಲಿ ಕೊಂಡ್ರು, 2012ರಲ್ಲಿ ಕ್ಯಾಲಿಫೋರ್ನಿಯಾಗೆ ಎತ್ತಿಕೊಂಡು ಹೋದ್ರು. ಪೆನ್ಸಿಲ್ವೇನಿಯಾದ ಈರಿ ಅನ್ನೋ ಊರಿನ ಕಥೆ ಇನ್ನೂ ಘೋರ. ಬೇಹಾಕ್ಸ್ ಅನ್ನೋ ಒಂದೇ ಹೆಸರಲ್ಲಿ ಒಂದಾದ ಮೇಲೊಂದು ಮೂರು ಟೀಮ್ ಆಡಿದವು, 2017ರಲ್ಲಿ ಒಂದು ಫ್ಲೋರಿಡಾದ ಲೇಕ್‌ಲ್ಯಾಂಡ್‌ಗೆ, 2019ರಲ್ಲಿ ಇನ್ನೊಂದು ಅಟ್ಲಾಂಟಾ ಪಕ್ಕದ ಕಾಲೇಜ್ ಪಾರ್ಕ್‌ಗೆ, 2021ರಲ್ಲಿ ಮೂರನೇದು ಬರ್ಮಿಂಗ್‌ಹ್ಯಾಮ್‌ಗೆ ಹೋದವು. ಉತ್ತು ಬಿತ್ತು ಕಳೆ ಕಿತ್ತವರು ಒಬ್ಬರು, ಕಣಕ್ಕೆ ಬಂದು ರಾಶಿ ಹೊತ್ಕೊಂಡು ಹೋಗೋರು ಇನ್ನೊಬ್ಬರು.

ಫೋರ್ಟ್ ವೇನ್‌ಗಂತೂ ಇದು ಎರಡನೇ ಸಲದ ನೋವು. ಎನ್‌ಬಿಎಯ ಡೆಟ್ರಾಯಿಟ್ ಪಿಸ್ಟನ್ಸ್ ಟೀಮ್ ಗೊತ್ತಲ್ಲ, ಡೆಟ್ರಾಯಿಟ್ ಅಂದ್ರೆ ಕಾರಿನ ಊರು, ಅದಕ್ಕೇ ಆ ಹೆಸರು ಅಂದ್ಕೊಂಡಿರೋರೇ ಜಾಸ್ತಿ. ಅಲ್ಲ, ಇಲ್ಲಿ ಪಿಸ್ಟನ್ ಫ್ಯಾಕ್ಟರಿ ನಡೆಸ್ತಿದ್ದ ಫ್ರೆಡ್ ಜೋಲ್ನರ್ ಕಟ್ಟಿದ ಟೀಮ್ ಅದು. ಎನ್‌ಬಿಎ ಹುಟ್ಟಿಗೆ ಕಾರಣವಾದ 1949ರ ಲೀಗುಗಳ ವಿಲೀನದ ಮಾತುಕತೆ ಅವನ ಮನೆ ಅಡುಗೆಮನೆ ಟೇಬಲ್ ಮೇಲೆ ನಡೀತು ಅಂತ ಊರವರು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. 1950ರಲ್ಲಿ ಮಿನಿಯಾಪೊಲಿಸ್ ಲೇಕರ್ಸ್‌ನ 19-18ರಲ್ಲಿ ಸೋಲಿಸಿದ್ದು ಇದೇ ಟೀಮ್, ಎನ್‌ಬಿಎ ಇತಿಹಾಸದಲ್ಲೇ ಅತಿ ಕಡಿಮೆ ಸ್ಕೋರ್ ಅದು. 1955ರಲ್ಲಿ ಫೈನಲ್‌ಗೆ ಬಂದಾಗ ಕೊಲಿಸಿಯಮ್ ಬೌಲಿಂಗ್ ಟೂರ್ನಮೆಂಟಿಗೆ ಬುಕ್ ಆಗಿತ್ತು, ಹಾಗಾಗಿ ತವರಿನ ಮ್ಯಾಚುಗಳನ್ನೆಲ್ಲ ಇಂಡಿಯಾನಾಪೊಲಿಸ್‌ನಲ್ಲಿ ಆಡಿ, ಏಳನೇ ಮ್ಯಾಚಲ್ಲಿ ಸಿರಾಕ್ಯೂಸ್ ಎದುರು ಒಂದೇ ಒಂದು ಪಾಯಿಂಟಿಂದ ಸೋತರು. ಓದಿದಾಗಲೆಲ್ಲ ಕರುಳು ಚುರ್ ಅನ್ನುತ್ತೆ. 1957ರಲ್ಲಿ ದೊಡ್ಡ ಊರು ಬೇಕು ಅಂತ ಡೆಟ್ರಾಯಿಟ್‌ಗೆ ಹೋಯ್ತು.

ಈಗ ಕೆಲವರು ಬರ್ತಾರೆ, ಲೀಗ್ ಇರೋದೇ ಆಟಗಾರರನ್ನ ತಯಾರು ಮಾಡೋಕೆ, ಮುಖ್ಯ ಟೀಮ್ ಪಕ್ಕದಲ್ಲೇ ಇದ್ರೆ ಟೂ-ವೇ ಕಾಂಟ್ರ್ಯಾಕ್ಟ್ (ಎರಡೂ ಟೀಮಿಗೆ ಆಡೋ ಒಪ್ಪಂದ) ಹುಡುಗರು ಬೆಳಿಗ್ಗೆ ಅಲ್ಲಿ ಪ್ರಾಕ್ಟೀಸ್ ಮಾಡಿ ಸಂಜೆ ಇಲ್ಲಿ ಆಡಬಹುದು, ಜನಾನೂ ಕಡಿಮೆ ಬರ್ತಿದ್ರು ಅಂತ. ಒಪ್ಕೊಂಡೆ, ಇಂಡಿಯಾನಾಪೊಲಿಸ್‌ನ ಎನ್‌ಬಿಎ ಟೀಮ್ ಪೇಸರ್ಸ್ 2015ರಲ್ಲಿ ಕೊಂಡ ಮೇಲೆ ಟೀಮ್ ಅವರದ್ದು, ಲೆಕ್ಕಾಚಾರವೂ ಅವರದ್ದು. ಆದ್ರೆ ಯಾರೂ ಕೊಳ್ಳೋಕೆ ಬರದೇ ಇದ್ದ ಕಾಲ ಒಂದಿತ್ತಲ್ಲ? 2014-15ರಲ್ಲಿ ಲೀಗಿನ ಬೇರೆ ಟೀಮುಗಳಿಗೆಲ್ಲ ತಲಾ ಒಂದು ಎನ್‌ಬಿಎ ಟೀಮಿನ ನಂಟಿತ್ತು, ಉಳಿದ ಹದಿಮೂರು ಎನ್‌ಬಿಎ ಟೀಮುಗಳ ಹುಡುಗರಿಗೆ ಇದ್ದಿದ್ದು ಮ್ಯಾಡ್ ಆಂಟ್ಸ್ ಒಂದೇ. ಆಗ ಬಾಗಿಲು ತೆರೆದಿಟ್ಟಿದ್ದು ನಮ್ಮೂರು. ಅವತ್ತು ಹಿಮದಲ್ಲಿ ಕಾರು ಓಡಿಸ್ಕೊಂಡು ಟಿಕೆಟ್ ತಗೊಂಡು ಕೂತವರಿಗೆ ಲೆಕ್ಕಾಚಾರದಲ್ಲಿ ಒಂದು ಕಾಲಮ್ಮೂ ಇಲ್ವಾ?

"ನಿಮ್ಮೂರೂ ಬೇರೆಯವರ ಟೀಮ್ ತಂದಿಲ್ವಾ" ಅಂತಾನೂ ಕೇಳ್ತಾರೆ. ತಂದಿದೆ. 1990ರಲ್ಲಿ ಐಸ್ ಹಾಕಿ ಟೀಮ್ ಕಾಮೆಟ್ಸ್ ಆಲ್ಬನಿಗೆ ಹೋದಾಗ ಇಲ್ಲಿನ ಫ್ರ್ಯಾಂಕ್ ಕುಟುಂಬ ಫ್ಲಿಂಟ್ ಊರಿನ ಟೀಮ್ ಕೊಂಡು ತಂದು ಕಾಮೆಟ್ಸ್ ಅಂತಲೇ ಹೆಸರಿಟ್ಟರು. ಫ್ಲಿಂಟ್‌ನವರಿಗೆ ನೋವಾಗಿರುತ್ತೆ, ಅಲ್ಲ ಅನ್ನಲ್ಲ. ಅವರಿಗಾದದ್ದು ಅನ್ಯಾಯ ಅಂದ್ರೆ ನಮಗಾದದ್ದು ಹೇಗೆ ನ್ಯಾಯ ಆಗುತ್ತೆ?

ಟೀಮ್ ವಾಪಸ್ ಕೊಡಿ ಅಂತ ಕೇಳ್ತಿಲ್ಲ, ಅದು ಆಗೋ ಮಾತಲ್ಲ. 1996ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಟೀಮನ್ನ ಬಾಲ್ಟಿಮೋರ್‌ಗೆ ಎತ್ತಿಕೊಂಡು ಹೋದಾಗ ಹೆಸರು, ಬಣ್ಣ, ದಾಖಲೆ ಎಲ್ಲಾ ಕ್ಲೀವ್‌ಲ್ಯಾಂಡ್‌ಗೇ ಉಳಿಸಿದ್ರು, ಬಾಲ್ಟಿಮೋರ್‌ನವರು ರೇವನ್ಸ್ ಅಂತ ಸೊನ್ನೆಯಿಂದ ಶುರು ಮಾಡಿದ್ರು. ಅಷ್ಟು ಮಾಡಿ. ಬೂಮ್ ಹೊಸ ಟೀಮ್ ಅಂತೀರಾ, ಹೊಸದಾಗಿಯೇ ಇರಲಿ, 2007ರಿಂದ 2023ರವರೆಗಿನ ದಾಖಲೆ, 2014ರ ಕಪ್, ಈಗ ಯಾವ ಟೀಮೂ ಹಾಕ್ಕೊಳ್ಳದ ಆ ಮ್ಯಾಡ್ ಆಂಟ್ಸ್ ಹೆಸರು, ಮೂರನ್ನೂ ಫೋರ್ಟ್ ವೇನ್‌ಗೆ ಬರೆದುಕೊಡಿ.