ಆಧಾರ್ ಸಾಲದು ಅನ್ನುವವರು ಮೊದಲು ಏನು ತೋರಿಸಬೇಕು?

ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡುಗಳಲ್ಲಿ ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರನ್ನು ಹುಡುಕುವ ಪೊಲೀಸರ ಗುರುತಿನ ತಪಾಸಣೆ ಅಂದರೆ ಮಾತು ಹೆಚ್ಚುಕಡಿಮೆ ಹೀಗೇ ಸಾಗುತ್ತದೆ. ಕಸ ಆಯುವವನು ಆಧಾರ್ ತೋರಿಸುತ್ತಾನೆ. "ಇದು ಪೌರತ್ವದ ದಾಖಲೆ ಅಲ್ಲ." ವೋಟರ್ ಐಡಿ ಕೊಡುತ್ತಾನೆ. "ಇದನ್ನ ಯಾರು ಬೇಕಾದರೂ ಮಾಡಿಸಬಹುದು." ಕೊನೆಗೆ ಅವನ ವಿರುದ್ಧ ಉಳಿಯುವ ಸಾಕ್ಷಿ ಒಂದೇ, ಅವನಾಡುವ ಬಂಗಾಳಿ.

ಆಧಾರ್ ಬಗ್ಗೆ ಪೊಲೀಸರು ಹೇಳುವುದು ಸರಿಯೇ. 2016ರ ಆಧಾರ್ ಕಾಯ್ದೆಯ ಸೆಕ್ಷನ್ 9 ಅದನ್ನೇ ಹೇಳುತ್ತದೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯರಿಗೂ ಆಧಾರ್ ಸಿಗುತ್ತದೆ. ಆದರೆ "ದಾಖಲೆ ಸಾಲದು" ಅನ್ನುವುದಕ್ಕೂ "ನೀನು ಬಾಂಗ್ಲಾದವನು" ಅನ್ನುವುದಕ್ಕೂ ನಡುವೆ ದೊಡ್ಡ ಕಂದಕ ಇದೆ. ಅದನ್ನು ಯಾವುದೇ ಸಾಕ್ಷ್ಯವಿಲ್ಲದೆ ಹಾರಿಬಿಡುತ್ತಾರೆ, ಎಡವಟ್ಟಾಗುವುದು ಅಲ್ಲೇ.

ಪೌರತ್ವ ಕಾಯ್ದೆಯ ಪ್ರಕಾರ ಮೊದಲು ಕೇಳಬೇಕಾದ್ದು ಹುಟ್ಟಿದ ತಾರೀಕು. 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಭಾರತದಲ್ಲಿ ಹುಟ್ಟಿದ್ದರೆ ಸಾಕು, ತಂದೆ ತಾಯಿ ಯಾರು ಅನ್ನುವ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ. ಅಲ್ಲಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. 45 ವರ್ಷದ ಹೆಂಗಸಿಗೂ 20 ವರ್ಷದ ಅವಳ ಮಗನಿಗೂ ಬೇಕಾಗುವ ಪುರಾವೆ ಬೇರೆ ಬೇರೆ. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಬಿಟ್ಟುಕೊಂಡು ಇದನ್ನು ತೀರ್ಮಾನಿಸಲು ಯಾರಿಂದಲೂ ಆಗದು.

"ಭಾರತೀಯ ಅಂತ ಸಾಬೀತು ಮಾಡುವ ಹೊರೆ ಅವನದೇ ಅಲ್ವಾ?" ಅಂತ ಕೇಳುವವರಿದ್ದಾರೆ. ಹೌದು, 1946ರ ವಿದೇಶಿಯರ ಕಾಯ್ದೆಯ ಸೆಕ್ಷನ್ 9 ಹಾಗೇ ಇತ್ತು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಸೆಕ್ಷನ್ 16 ಕೂಡ ಅದನ್ನೇ ಮುಂದುವರಿಸಿದೆ. ಆದರೆ ಆ ಹೊರೆ ಹೆಗಲೇರುವುದು ಯಾವಾಗ? ಅಸ್ಸಾಮಿನ ನಲ್ಬಾರಿ ಜಿಲ್ಲೆಯ ಪ್ರಕರಣವೊಂದರಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಸಿಕ್ಕಸಿಕ್ಕವರ ಬಾಗಿಲು ತಟ್ಟಿ "ನೀನು ವಿದೇಶಿ ಅಂತ ನಮಗೆ ಅನುಮಾನ" ಅನ್ನುವ ಅಧಿಕಾರ ವಿದೇಶಿಯರ ಕಾಯ್ದೆಯ ಸೆಕ್ಷನ್ 9 ಕೊಡುವುದಿಲ್ಲ. ಅನುಮಾನಕ್ಕೆ ಆಧಾರವಾದ ಮಾಹಿತಿ ಮೊದಲು ಸರ್ಕಾರದ ಕೈಯಲ್ಲಿರಬೇಕು, ಅದನ್ನು ಆ ವ್ಯಕ್ತಿಗೂ ಕೊಡಬೇಕು. ಹೆಸರಿನ ಸ್ಪೆಲಿಂಗ್, ತಾರೀಕುಗಳ ಸಣ್ಣಪುಟ್ಟ ವ್ಯತ್ಯಾಸಕ್ಕೆ ಪೌರತ್ವ ಕಿತ್ತುಕೊಳ್ಳುವಂತಿಲ್ಲ ಅಂತಲೂ ಕೋರ್ಟ್ ಹೇಳಿತು. 2012ರಲ್ಲಿ ವಿದೇಶಿ ಅಂತ ಘೋಷಿತನಾದ ಮನುಷ್ಯನಿಗೆ ಈ ನ್ಯಾಯ ಸಿಕ್ಕಲು 12 ವರ್ಷ ಹಿಡಿಯಿತು.

ಹೆಸರಿನ ವಿಷಯ ಸ್ವಲ್ಪ ಹತ್ತಿರದಿಂದ ನೋಡಿ. ಬಂಗಾಳದ ಮುಸ್ಲಿಂ ಹೆಣ್ಣುಮಗಳು ಶಾಲೆಯ ದಾಖಲೆಯಲ್ಲಿ 'ಖಾತೂನ್', ಮದುವೆಯಾದ ಮೇಲೆ ವೋಟರ್ ಲಿಸ್ಟಲ್ಲಿ 'ಬೀಬಿ'. ಅವಳಪ್ಪ ಒಂದು ಕಾರ್ಡಿನಲ್ಲಿ 'ಶೇಖ್', ಇನ್ನೊಂದರಲ್ಲಿ ಬರೀ 'ಎಸ್‌ಕೆ'. ಆ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಇದು ಇಬ್ಬರು ಹೆಂಗಸರಂತೆ, ಸುಳ್ಳು ದಾಖಲೆಯಂತೆ ಕಾಣುತ್ತದೆ. ಕೊಪ್ಪಳದ ಹನುಮವ್ವ ರೇಷನ್ ಕಾರ್ಡಿನಲ್ಲಿ ಹನುಮಮ್ಮ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಹನಮವ್ವ ಆಗಿದ್ದರೆ ನಾವು ನಕ್ಕು ಸುಮ್ಮನಾಗುತ್ತೇವೆ.

ಭಾಷೆಯಂತೂ ಸಾಕ್ಷಿಯೇ ಅಲ್ಲ. ಮಾಲ್ಡಾ, ಮುರ್ಶಿದಾಬಾದ್, ಕೂಚ್ ಬೆಹಾರ್ ಕಡೆಯ ಮಾತು ಗಡಿಯಾಚೆಯ ಮಾತಿಗೆ ಹತ್ತಿರ ಇರದೆ ಇನ್ನೇನು? ಮಹಾರಾಷ್ಟ್ರದ ಅಕ್ಕಲಕೋಟೆಯವರ ಕನ್ನಡ ಕೇಳಿ ಅವರು ಕರ್ನಾಟಕದವರು ಅಂತ ಬರೆದುಕೊಂಡ ಹಾಗಾಯಿತು. ಕೂಚ್ ಬೆಹಾರ್ ಭಾಗದಲ್ಲಿ 2015ರ ಜುಲೈ 31ರ ಮಧ್ಯರಾತ್ರಿ ಸುತ್ತ ಭಾರತದ ನೆಲವೇ ಇದ್ದ 51 ಬಾಂಗ್ಲಾ ತುಣುಕು ಪ್ರದೇಶಗಳು ಒಪ್ಪಂದದಂತೆ ಭಾರತಕ್ಕೆ ಸೇರಿದವು, ಅಲ್ಲಿನ ಜನ ಭಾರತೀಯರಾದರು. ಅವರ ಭಾರತೀಯ ಕಾಗದಪತ್ರ ಶುರುವಾಗುವುದೇ ಅಲ್ಲಿಂದ. ಹಳೇ ದಾಖಲೆ ಕೇಳಿದರೆ ಎಲ್ಲಿಂದ ತರಬೇಕು?

ನಮ್ಮೂರಿನಲ್ಲೇ ಆದದ್ದು ಮರೆತುಹೋಗಬಾರದು. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರಿದ್ದಾರೆ ಅಂತ ಗುಡಿಸಲುಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೇ ಇದ್ದರು. ಅವರ ಬಾಯಲ್ಲಿದ್ದದ್ದು ಕನ್ನಡ! ಯಾವ ಆಧಾರದ ಮೇಲೆ ಇವರನ್ನು ಬಾಂಗ್ಲಾದವರು ಅಂದಿರಿ ಅಂತ ಹೈಕೋರ್ಟ್ ಕೇಳುವ ಹೊತ್ತಿಗೆ ಪಾತ್ರೆಪಗಡೆ ಮಣ್ಣುಪಾಲಾಗಿತ್ತು.

ಹಾಗಾದರೆ ಬಾಗಿಲಿಗೆ ಪೊಲೀಸರು ಬಂದಾಗ ಏನು ಮಾಡಬೇಕು? ಹೆಸರು, ವಿಳಾಸ ಸರಿಯಾಗಿ ಹೇಳಿ, ಜಗಳಕ್ಕೆ ನಿಲ್ಲಬೇಡಿ, ಓಡಬೇಡಿ. ದಾಖಲೆಯ ಜೆರಾಕ್ಸ್ ಕೊಡಿ, ಒರಿಜಿನಲ್ ಕೈಬಿಡಬೇಡಿ. ತೆಗೆದುಕೊಂಡೇ ಹೋಗುತ್ತೇವೆ ಅಂದರೆ ಯಾವ ಯಾವ ದಾಖಲೆ ಅಂತ ಬರೆಸಿ ರಸೀದಿ ಕೇಳಿ. ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಬೇಡ. ಸ್ಟೇಷನ್ನಿಗೆ ಬಾ ಅಂದರೆ ಬರಹದಲ್ಲಿ ನೋಟಿಸ್ ಕೇಳಿ. ಬಿಎನ್‌ಎಸ್‌ಎಸ್ (ಪೊಲೀಸ್ ತನಿಖೆ, ಬಂಧನದ ವಿಧಾನ ಹೇಳುವ ಕಾನೂನು) ಪ್ರಕಾರ ಆರೋಪಿಗಾದರೆ ಸೆಕ್ಷನ್ 35(3), ಸಾಕ್ಷಿಗಾದರೆ 179. ಸಾಕ್ಷಿಯಾಗಿ ವಿಚಾರಿಸಬೇಕಾದರೆ ಹೆಂಗಸರನ್ನು ಮನೆಯಲ್ಲೇ ವಿಚಾರಿಸಬೇಕು. ಬಂಧಿಸಿದರೆ ಪೊಲೀಸರ ಎದೆಯ ಮೇಲೆ ಓದಲು ಬರುವ ಹಾಗೆ ಹೆಸರಿರಬೇಕು, ಮನೆಯವರೋ ಆ ಬಡಾವಣೆಯವರೋ ಸಾಕ್ಷಿ ಹಾಕಿದ ಅರೆಸ್ಟ್ ಮೆಮೊ ಇರಬೇಕು (ಸೆಕ್ಷನ್ 36), ಕಾರಣ ತಿಳಿಸಬೇಕು (47), ಸಂಬಂಧಿಕರಿಗೆ ಸುದ್ದಿ ಮುಟ್ಟಿಸಬೇಕು (48), ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು (58). "ಬಂಧಿಸಿಲ್ಲ, ಸುಮ್ಮನೆ ಕೂರಿಸಿದ್ದೇವೆ" ಅನ್ನುವ ಸ್ಥಿತಿ ಯಾವ ಕಾನೂನಿನಲ್ಲೂ ಇಲ್ಲ. ಆ ಕ್ಷಣದಿಂದಲೇ ಗಡಿಯಾರ ಓಡುತ್ತದೆ, ಕರೆದೊಯ್ದ ಸಮಯವನ್ನು ಪಕ್ಕದ ಶೆಡ್ಡಿನವರು ಬರೆದಿಡಲಿ. ಉಚಿತ ಕಾನೂನು ನೆರವಿನ ಸಂಖ್ಯೆ 15100.

ಮೊಬೈಲ್ ಕಿತ್ತುಕೊಂಡು ಬಾಂಗ್ಲಾದೇಶದ ಕೋಡ್ ಆದ +880ಕ್ಕೆ ಕರೆ ಹೋಗಿದೆಯಾ ಅಂತ ನೋಡುವುದು ಇನ್ನೊಂದು ರೂಢಿ. ಗಡಿಯಾಚೆ ಚಿಕ್ಕಮ್ಮ ಇದ್ದ ಮಾತ್ರಕ್ಕೆ ಯಾರೂ ವಿದೇಶಿ ಆಗುವುದಿಲ್ಲ. ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ತನಿಖಾಧಿಕಾರಿ ಕೋರ್ಟಿನಿಂದ ಸರ್ಚ್ ವಾರಂಟ್ ತರಬೇಕು ಅಂತ ನಮ್ಮ ಹೈಕೋರ್ಟ್ 2021ರ ಮಾರ್ಚ್‌ನಲ್ಲೇ ಹೇಳಿದೆ.

ಅನುಮಾನಕ್ಕೆ ನಿಜವಾದ ಆಧಾರ ಇದ್ದಾಗಲೂ ಒಂದು ದಾರಿ ಇದೆ. ಆತ ಹೇಳಿದ ವಿಳಾಸವನ್ನು ಅವನ ತವರು ಜಿಲ್ಲೆಗೆ ಕಳಿಸಿ ಪರಿಶೀಲಿಸಬೇಕು. ಕೇಂದ್ರ ಗೃಹ ಇಲಾಖೆ 2025ರ ಮೇ ತಿಂಗಳ ಸೂಚನೆಯಲ್ಲಿ ಇದಕ್ಕೆ 30 ದಿನ ಇಟ್ಟಿದೆ. ಈ ದಾರಿ ಬಿಟ್ಟರೆ ಏನಾಗುತ್ತದೆ? ಅದೇ ವರ್ಷ ಜೂನ್‌ನಲ್ಲಿ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು ದೆಹಲಿಯಲ್ಲಿ ಹಿಡಿದು, ಗಂಡ ಮತ್ತು ಎಂಟು ವರ್ಷದ ಮಗನ ಜೊತೆ ಕೆಲವೇ ದಿನಗಳಲ್ಲಿ ಗಡಿ ದಾಟಿಸಿದರು. ಬಾಂಗ್ಲಾದೇಶ ಅವಳನ್ನು ಅಕ್ರಮವಾಗಿ ನುಸುಳಿದವಳು ಅಂತ ಜೈಲಿಗೆ ಹಾಕಿತು. ಸೆಪ್ಟೆಂಬರ್ 26ರಂದು ಕಲ್ಕತ್ತಾ ಹೈಕೋರ್ಟ್ ಗಡೀಪಾರನ್ನು ರದ್ದು ಮಾಡಿತು. ತುಂಬು ಬಸುರಿ ಮಗನ ಕೈ ಹಿಡಿದು ವಾಪಸ್ ಬಂದದ್ದು ಡಿಸೆಂಬರ್‌ನಲ್ಲಿ.

ಅಕ್ರಮವಾಗಿ ಬಂದವರನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ವಿದೇಶಿಯರನ್ನು ಪತ್ತೆ ಮಾಡಿ ಕಳಿಸುವ ಅಧಿಕಾರ ಸರ್ಕಾರಕ್ಕಿದೆ, ಇರಬೇಕು. ಆದರೆ ಸಂವಿಧಾನದ 14 ಮತ್ತು 21ನೇ ವಿಧಿಗಳು 'ವ್ಯಕ್ತಿ' ಅನ್ನುತ್ತವೆ, 'ಪ್ರಜೆ' ಅನ್ನುವುದಿಲ್ಲ. ಮ್ಯಾಜಿಸ್ಟ್ರೇಟ್, ವಕೀಲ, 24 ಗಂಟೆ ಇವೆಲ್ಲ ನಿಜವಾದ ಬಾಂಗ್ಲಾದೇಶಿಗೂ ಸಲ್ಲುವಂಥವು. ಅವನ ಪಾಲಿಗೆ ಇವನ್ನು ತೆಗೆದುಹಾಕಿದರೆ ಬೀರ್‌ಭೂಮಿನವಳನ್ನೂ ಕೊಪ್ಪಳದವಳನ್ನೂ ಅವನಿಂದ ಬೇರೆ ಮಾಡಿ ತೋರಿಸುವ ಜಾಗವೇ ಉಳಿಯುವುದಿಲ್ಲ.

ಬಂಗಾಳದ ಕೂಲಿಕಾರರ ಜೊತೆ ಕೆಲಸ ಮಾಡುವ ಗುತ್ತಿಗೆದಾರರು, ಮನೆ ಮಾಲೀಕರು, ಅಪಾರ್ಟ್‌ಮೆಂಟಿನವರು ಒಂದು ಕೆಲಸ ಮಾಡಿಕೊಡಿ. ಪಶ್ಚಿಮ ಬಂಗಾಳದ 2002ರ ಮತದಾರರ ಪಟ್ಟಿ ಆನ್‌ಲೈನ್‌ನಲ್ಲಿದೆ. ಅವರ ಅಥವಾ ಅವರ ಅಪ್ಪ ಅಮ್ಮನ ಹೆಸರಿರುವ ಪುಟ ಹುಡುಕಿ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಕಾಣುವ ಹಾಗೆ ಪ್ರಿಂಟ್ ತೆಗೆಸಿ. ಎರಡು ಪ್ರತಿ ಇರಲಿ. ಒಂದು ಅವರ ಪ್ಲಾಸ್ಟಿಕ್ ಕವರಿನಲ್ಲಿ, ಇನ್ನೊಂದು ನಿಮ್ಮ ಹತ್ತಿರ.