ಬೇಸ್‌ಗೆ ತಾಗಿದ ಚೆಂಡು ಫೌಲ್ ಹೇಗಾಗುತ್ತದೆ?

ಕಳೆದ ವಾರ ಹಾಸನದಲ್ಲಿ ನಡೆದ ಶಾಲಾ ಬಾಲಕರ ಬೇಸ್‌ಬಾಲ್ ಪಂದ್ಯದಲ್ಲಿ ನನ್ನ ಮಗನ ತಂಡ ಒಂದು ರನ್ನಿನಿಂದ ಸೋತಿತು. ಆಟವೆಂದ ಮೇಲೆ ಸೋಲು ಇದ್ದದ್ದೇ. ಆದರೆ ಆ ಹುಡುಗರು ಸೋತ ರೀತಿಯನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಕೊನೆಯ ಇನ್ನಿಂಗ್ಸ್‌ನಲ್ಲಿ ತಂಡ ಒಂದು ರನ್ ಹಿಂದಿದ್ದು, ಎರಡನೇ ಬೇಸ್‌ನಲ್ಲಿ (ಓಡುವವರು ಸರದಿಯಂತೆ ಮುಟ್ಟಬೇಕಾದ ಚೀಲಗಳೇ ಬೇಸ್) ಒಬ್ಬ ಹುಡುಗ ಓಡಲು ಸಿದ್ಧನಾಗಿ ನಿಂತಿದ್ದಾಗ, ಮಗ ಹೊಡೆದ ಚೆಂಡು ನೆಲ ಹಿಡಿದು ಸಾಗಿ ಮೂರನೇ ಬೇಸ್‌ನ ಚೀಲಕ್ಕೆ ಬಡಿದು, ಬೆಳಗಿನ ಸೋನೆಗೆ ಅರ್ಧ ಅಳಿಸಿಹೋಗಿದ್ದ ಸುಣ್ಣದ ಗೆರೆಯ ಆಚೆಗೆ ಚಿಮ್ಮಿತು. ಚೀಲದ ಮೂಲೆಯಲ್ಲಿ ಅಂಟಿದ ಕೆಮ್ಮಣ್ಣಿನ ಗುರುತು ನಾನು ನಿಂತಲ್ಲಿಗೂ ಕಾಣುತ್ತಿತ್ತು. ಅಂಪೈರ್ ಎರಡೂ ಕೈ ಮೇಲೆತ್ತಿ ‘ಫೌಲ್’, ಅಂದರೆ ಚೆಂಡು ಗೆರೆಯ ಹೊರಗೆ, ಈ ಹೊಡೆತಕ್ಕೆ ಓಟ ಸಲ್ಲದು ಎಂದರು. ಅಷ್ಟರಲ್ಲಿ ರನ್ ಪೂರೈಸುವ ಹೋಮ್ ಪ್ಲೇಟ್ ಮುಟ್ಟಿದ್ದ ಹುಡುಗನನ್ನು ಎರಡನೇ ಬೇಸ್‌ಗೆ ವಾಪಸ್ ಕಳುಹಿಸಿದರು. ಮರುಚೆಂಡಿಗೆ ಮಗ ಔಟಾದ.

ಕೇಳಲು ಹೋದರೆ, ‘ಚೆಂಡು ಗೆರೆ ದಾಟಿತಲ್ಲ ಸಾರ್, ಇನ್ನೇನು ಬೇಕು?’ ಎಂಬ ಉತ್ತರ ಬಂತು. ಒಂದನೇ ಮತ್ತು ಮೂರನೇ ಬೇಸ್‌ಗಳೆರಡೂ ಫೇರ್ ಜಾಗದೊಳಗೇ, ಅಂದರೆ ಹೊಡೆತ ಸಲ್ಲುವ ಅಂಕಣದೊಳಗೇ, ಇರುತ್ತವೆ. ಗೆರೆಯೂ ಫೇರ್ ಜಾಗಕ್ಕೇ ಸೇರಿದ್ದು. ಬೇಸ್‌ಗೆ ತಾಗಿದ ಕ್ಷಣವೇ ಚೆಂಡು ಫೇರ್ ಆಯಿತು, ಆಮೇಲೆ ಅದು ಯಾವ ದಿಕ್ಕಿಗೆ ಹೊರಳಿದರೂ ತೀರ್ಪು ಬದಲಾಗುವುದಿಲ್ಲ. ಕ್ರಿಕೆಟ್ಟಿನಲ್ಲಿ ಬ್ಯಾಟು ಗೆರೆಯ ಮೇಲಷ್ಟೇ ಇದ್ದರೆ ರನೌಟ್ ಎಂಬುದನ್ನು ನೋಡಿ ಬೆಳೆದವರಿಗೆ ಇದು ತಿರುವುಮುರುವಾಗಿ ಕಾಣಬಹುದು, ಒಪ್ಪುತ್ತೇನೆ. ಆದರೆ ತೀರ್ಪು ಕೊಡಲು ನಿಂತವರಿಗೂ ಅದೇ ಗೊಂದಲವಿದ್ದರೆ ಮಕ್ಕಳು ಯಾರನ್ನು ಕೇಳಬೇಕು?

ಅದಕ್ಕಿಂತ ಸಿಟ್ಟು ತರಿಸಿದ್ದು ಮೂರನೇ ಇನ್ನಿಂಗ್ಸ್‌ನ ತೀರ್ಪು. ಎದುರಾಳಿ ಬಾರಿಸಿದ ಚೆಂಡು ಮೂರನೇ ಬೇಸ್‌ನ ಮೇಲಿಂದ ಹಾರಿ, ಗೆರೆಯಿಂದ ಗೇಣುದ್ದ ಹೊರಗೆ ಬಿದ್ದು, ತಿರುಗಿ ಒಳಗೆ ಉರುಳಿತು. ‘ಕಡೆಗೆ ನಿಂತಿದ್ದು ಒಳಗೇ’ ಎಂದು ಅದನ್ನು ಫೇರ್ ಎಂದರು. ಚೆಂಡು ಕಡೆಗೆ ಎಲ್ಲಿ ನಿಂತಿತು ಎಂದು ನೋಡುವುದು, ಬೇಸ್‌ಗಿಂತ ಈಚೆ ಬಿದ್ದು, ಬೇಸ್ ದಾಟದೆ, ಯಾರೂ ಮುಟ್ಟದೆ ಉರುಳಿ ನಿಂತ ಚೆಂಡಿಗೆ ಮಾತ್ರ. ಬೇಸ್‌ನ ಆಚೆ ನೇರವಾಗಿ ನೆಲಕ್ಕೆ ಬೀಳುವ ಚೆಂಡಿಗೆ ಮೊದಲು ಬಿದ್ದ ಜಾಗವೇ ಲೆಕ್ಕ. ಒಂದೇ ಪಂದ್ಯದಲ್ಲಿ ಎರಡು ನಿಯಮಗಳನ್ನೂ ತಲೆಕೆಳಗು ಮಾಡಿದರೆ, ಬಿಸಿಲು ಮಳೆಯೆನ್ನದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮಕ್ಕಳ ಶ್ರಮಕ್ಕೆ ಏನು ಬೆಲೆ?

ಪಂದ್ಯಕ್ಕೆ ಮುಂಚೆ ಅಂಪೈರ್ ಮತ್ತು ಎರಡೂ ತಂಡಗಳ ತರಬೇತುದಾರರು ಒಟ್ಟಿಗೆ ಮೂರನೇ ಬೇಸ್ ಬಳಿ ನಿಂತು, ಚೆಂಡನ್ನು ಉರುಳಿಸಿ ಇದು ಫೇರ್, ಇದು ಫೌಲ್ ಎಂದು ಒಪ್ಪಿಕೊಳ್ಳಲು ಹತ್ತು ನಿಮಿಷ ಸಾಕು. ನಾನು ಇದನ್ನು ಹೇಳಿದಾಗ, ‘ಮುಂದಿನ ವರ್ಷ ನೋಡೋಣ ಬಿಡಿ’ ಎಂದರು. ಹದಿನಾಲ್ಕು ವರ್ಷದೊಳಗಿನವರ ವಿಭಾಗದಲ್ಲಿ ನನ್ನ ಮಗನಿಗೆ ಮುಂದಿನ ವರ್ಷವೇ ಇಲ್ಲ.