ಮೋಟಾರಿಗೂ ಒಂದು ಗುರುತು ಇರಲಿ

ಹೋದ ವರ್ಷ ಭೀಮಾ ನದಿ ದಂಡೆಯಲ್ಲಿದ್ದ ನಮ್ಮ ಕಾಕಾನ ಹೊಲಕ್ಕೆ ನೀರೆತ್ತೋ ಐದು ಎಚ್‌ಪಿ ಮೋಟಾರು ಕಳವಾಯಿತು. ಸ್ಟಾರ್ಟರ್ ಡಬ್ಬಿ, ಕೇಬಲ್ ಎಲ್ಲಾ ಹೋಯಿತು. ಮರುದಿನ ಜಾಲಿಕಂಟಿಯ ಮರೆಯಲ್ಲಿ ನೆಲ ಕರಿದಾಗಿತ್ತಂತೆ, ಅಲ್ಲೇ ಕೇಬಲ್ ಸುಟ್ಟು ತಾಮ್ರ ಒಯ್ದಿದ್ದರು.

ಎರಡು ತಿಂಗಳಾದ ಮೇಲೆ ಠಾಣೆಯಿಂದ ಫೋನ್ ಬಂತು. ಹೋಗಿ ನೋಡಿದರೆ ಅಂಗಳದಲ್ಲಿ ಸಾಲಾಗಿ ಮೋಟಾರು ಇಟ್ಟಿದ್ದಾರೆ. ಕಾಕಾ ತಮ್ಮದನ್ನು ನೋಡಿದ ಕೂಡಲೇ ಗುರುತು ಹಿಡಿದರು. "ನಿಮ್ದೇ ಅಂತ ಹ್ಯಾಂಗ ಹೇಳ್ತೀರಿ?" ಅಂತ ಕೇಳಿದರೆ ಹೇಳೋಕೆ ಏನೂ ಇರಲಿಲ್ಲ. ಬಿಲ್ಲಿಲ್ಲ, ನಂಬರು ಬರೆದಿಟ್ಟಿಲ್ಲ, ಮೋಟಾರಿನ ಮೇಲಿನ ನಂಬರಿನ ಪಟ್ಟಿಯನ್ನು ಕಳ್ಳರೇ ಕಿತ್ತಿದ್ದರು. ಕಣ್ಣೆದುರು ಇದ್ದದ್ದನ್ನು ಬಿಟ್ಟು ಬರಿಗೈಲಿ ಮನೆಗೆ ಬಂದರು. ಕಳವಾದದ್ದಕ್ಕಿಂತ ಇದೇ ನನಗೆ ಜಾಸ್ತಿ ಸಂಕಟ.

ನಾನಿರುವುದು ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ, ಸುತ್ತ ಬರೀ ಹೊಲಗಳೇ. ಇಲ್ಲೂ ಕಳವು ಇದೆ. ಟ್ರ್ಯಾಕ್ಟರ್ ತಲೆ ಮೇಲಿನ, ದಾರಿ ತೋರಿಸೋ ಜಿಪಿಎಸ್ ಡಬ್ಬಿಗೇ ಕಳ್ಳರ ಕಣ್ಣು, ಅದಕ್ಕೆ ಪಕ್ಕದ ಹೊಲದವರು ದಿನಾ ಸಂಜೆ ಅದನ್ನು ಬಿಚ್ಚಿ ಮನೆಯೊಳಗೆ ಇಟ್ಟು ಬೀಗ ಹಾಕ್ತಾರೆ. ಆದರೆ ನನಗೆ ಹಿಡಿಸಿದ್ದು ಬೇರೆ. 2007ರಿಂದ ಇಲ್ಲಿ ಸೀಸರ್ ಅನ್ನೋ ಯಂತ್ರಗಳ ನೋಂದಣಿ ವ್ಯವಸ್ಥೆ ಇದೆ. ಟ್ರ್ಯಾಕ್ಟರಿಗೆ ತ್ರಿಕೋನದ ಒಂದು ಫಲಕ ಹಾಕ್ತಾರೆ, ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುರುತಿನ ಚುಕ್ಕೆಗಳನ್ನೂ ಮೈಮೇಲೆ ಅಂಟಿಸ್ತಾರೆ. ಫಲಕ ಕಿತ್ತರೂ ಚುಕ್ಕೆ ಉಳಿಯುತ್ತೆ. ಪೊಲೀಸರು ರಾತ್ರಿ ಎಷ್ಟೊತ್ತಿಗೆ ಕೇಳಿದರೂ ಮಾಲೀಕ ಯಾರು ಅಂತ ತಿಳಿಯುತ್ತೆ. ಬೀಗ ಒಡೆಯೋದು ಸುಲಭ, ಗುರುತಿರುವ ಮಾಲು ಮಾರೋದು ಕಷ್ಟ.

ನಮ್ಮ ಕಡೆ ತೊಗರಿ ರಾಶಿ ಆದರೆ ಕಣ ಕಾಯೋಕೆ ಅಲ್ಲೇ ಮಲಗ್ತೀವಿ. ಮೋಟಾರು ಮಾತ್ರ ವರ್ಷವಿಡೀ ದಂಡೆ ಮೇಲೆ ಒಂಟಿಯಾಗಿ ಇರುತ್ತೆ, ಅದೂ ಯಾರದ್ದು ಅನ್ನೋ ಗುರುತೇ ಇಲ್ಲದೆ! ದೊಡ್ಡ ವ್ಯವಸ್ಥೆ ಬರೋವರೆಗೆ ಕಾಯಬೇಕಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಲೋಹದ ಮೇಲೆ ಅಕ್ಷರ, ನಂಬರು ಒತ್ತೋ ಪಂಚು ಇರುತ್ತೆ. ಊರಿನ ಮೊದಲಕ್ಷರ, ಹೊಲದ ಸರ್ವೆ ನಂಬರು, ಇಷ್ಟನ್ನು ಮೋಟಾರಿನ ಬೀಡು ಕಬ್ಬಿಣದ ಮೈಮೇಲೆ ಎರಡು ಕಡೆ ಹೊಡೆಸಿ, ಒಂದು ಕಾಣುವಂತೆ, ಒಂದು ಕಾಣದಂತೆ. ಬಿಚ್ಚಿ ತೆಗೆಯಬಹುದಾದ ಮುಚ್ಚಳದ ಮೇಲೆ ಬೇಡ. ಆ ಗುರುತಿನದ್ದು, ಪಟ್ಟಿಯದ್ದು, ಬಿಲ್ಲಿನದ್ದು ಫೋಟೋ ತೆಗೆದು ಊರಾಚೆ ಇರೋ ಮಗನಿಗೋ ಮಗಳಿಗೋ ಕಳಿಸಿಬಿಡಿ. ಫೋನ್ ಕೆಟ್ಟರೂ ಫೋಟೋ ಉಳಿಯುತ್ತೆ.

ಗುಜರಿ ಅಂಗಡಿಯವರಿಗೂ ಒಂದು ಮಾತು. ಸುಟ್ಟ ತಾಮ್ರ ತಂದವನ ಹೆಸರು, ಊರು ಬರೆದುಕೊಳ್ಳಿ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಕಳವಿನ ಮಾಲು ಅಂತ ಗೊತ್ತಿದ್ದೂ ಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಇದೆ. ಕೊಳ್ಳೋರೇ ಇಲ್ಲದಿದ್ದರೆ ಕದಿಯೋದು ಯಾರಿಗೋಸ್ಕರ, ಅಲ್ವಾ?

ಊರಿಗೆ ಹೋದಾಗ ಕಾಕಾನ ಹೊಸ ಮೋಟಾರಿಗೆ ನಾನೇ ನಿಂತು ಪಂಚು ಹೊಡೆಸಿದೆ. ಸುತ್ತಿಗೆ ಸದ್ದಿಗೆ ಬಾಜೂ ಹೊಲದವರು ಬಂದು ನೋಡಿದರು, ಮರುದಿನ ತಮ್ಮ ಮೋಟಾರನ್ನೂ ಟಂಟಂನಲ್ಲಿ ಹಾಕಿಕೊಂಡು ಬಂದರು. "ಕೇಬಲ್ಲಿಗೆ ಏನ್ ಮಾಡೋದ್ ತಮ್ಮಾ?" ಅಂತ ಕಾಕಾ ಇನ್ನೂ ಕೇಳ್ತಾರೆ. ಸದ್ಯಕ್ಕೆ ಅದನ್ನು ಕೊಳವೆಯೊಳಗೆ ಹಾಕಿ ಆಳವಾಗಿ ಹೂಳಿದ್ದೇವೆ.